ಮುಂದಿನ ಸಾಲು

ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾವುದು ರದ್ದು ಎಂದು ಬಸ್ ನಿಲ್ದಾಣದ ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಮೇಲಂತಸ್ತಿನ ಗಾಜಿನ ಗೂಡಿನಲ್ಲಿ ಕೂತು ಮಾತಾಡುವ ಅವಳ ದನಿ ಊರಿಗೆಲ್ಲ ಗೊತ್ತು, ಮುಖ ಯಾರಿಗೂ ಗೊತ್ತಿಲ್ಲ. ಡ್ರೈವರು, ಕಂಡಕ್ಟರುಗಳು ಅವಳನ್ನು ಮೈಕಕ್ಕ ಎನ್ನುತ್ತಿದ್ದರು.

ಮೈಕಕ್ಕನಿಗೆ ಹಾಡಿನ ಹುಚ್ಚು. ಅದೂ ಎಲ್ಲರ ಹಾಡಿನದಲ್ಲ, ಗೊಗ್ಗರಮ್ಮನ ಹಾಡಿನದು. ಗಂಟಲಲ್ಲಿ ಮರಳು ಹಾಕಿಕೊಂಡವಳಂತೆ ಹಾಡುವ ಆ ಹೆಂಗಸಿಗೆ ಅಭಿಮಾನಿಗಳೇ ಇಟ್ಟ ಹೆಸರದು. ಕೈಯಲ್ಲಿ ಗಿಟಾರು, ಹಿಂದೆ ಡ್ರಮ್ ಬಾರಿಸುವ ಒಡಹುಟ್ಟಿದ ತಮ್ಮ, ಪಕ್ಕದಲ್ಲಿ ಬೇಸ್ ಗಿಟಾರು ಹಿಡಿದ ಒಬ್ಬ ಮೌನಿ. ದೊಡ್ಡ ಸಭಾಂಗಣಗಳ ಸಹವಾಸಕ್ಕೆ ಹೋಗದೆ ಸಣ್ಣ ಸಣ್ಣ ಕ್ಲಬ್ಬುಗಳಲ್ಲೇ ಹಾಡಿ ತಲೆಗೂದಲು ಬೆಳ್ಳಗಾದವಳು. ಈ ಸಲ ಊರಿನಲ್ಲಿ ಒಂದು ವಾರ, ಸಂಜೆಗೊಂದು ಕ್ಲಬ್ಬಿನಂತೆ ಹಾಡುತ್ತಾಳೆ ಎಂದು ಗೊತ್ತಾದದ್ದೇ ತಡ, ಮೈಕಕ್ಕ ಎಲ್ಲ ಸಂಜೆಗೂ ಟಿಕೆಟ್ ತೆಗೆದುಕೊಂಡು ಬೆಳಗಿನ ಪಾಳಿ ಹಾಕಿಸಿಕೊಂಡಳು.

"ಎಲ್ಲಾ ದಿನಾನೂ ಅವೇ ಹಾಡು ತಾನೇ?" ಎಂದ ಗಂಡ. ಅವನು ಫ್ರಿಜ್ ರಿಪೇರಿಯವನು. "ನನಗಂತೂ ಎಲ್ಲಾ ಹಾಡೂ ಕಂಪ್ರೆಸರ್ ಗುಂಯ್ ಅಂದ ಹಾಗೇ ಕೇಳಿಸುತ್ತೆ."

"ಗುಂಯ್ ಅಂದ್ರೆ ನಿಮಗೆ ಸಂಪಾದನೆ. ಸುಮ್ನಿರಿ."

ಸೋಮವಾರದ ಕ್ಲಬ್ಬು ಸೈಕಲ್ ಅಂಗಡಿಯೊಂದರ ನೆಲಮಾಳಿಗೆಯಲ್ಲಿತ್ತು. ಗೊಗ್ಗರಮ್ಮ ಬಾಡಿಗೆ ಮನೆಯ ಹಾಡು ಎತ್ತಿಕೊಂಡಳು. 'ಕೀಲಿ ಕೊಟ್ಟು ಹೊರಟೆ, ಗೋಡೆಯ ಮೊಳೆ ಬಿಟ್ಟು ಬಂದೆ' ಎಂಬ ಸಾಲಿಗೆ ಜನ ಎಂದಿನಂತೆ ಕೂಗಿದರು. ಆಮೇಲೆ ಮೂರನೇ ಚರಣ ಬರಬೇಕಾದಲ್ಲಿ ಅವಳು ಎರಡನೆಯದನ್ನೇ ಮತ್ತೆ ಹಾಡಿದಳು. ಯಾರೂ ಗಮನಿಸಲಿಲ್ಲ. ಮೈಕಕ್ಕನಿಗೆ ಮಾತ್ರ ಎದೆ ಧಸಕ್ಕೆಂದಿತು.

ಕಾರಣವಿತ್ತು. ಅವಳನ್ನು ಸಾಕಿ ಬೆಳೆಸಿದ ದೊಡ್ಡಮ್ಮನಿಗೂ ಮರೆವು ಶುರುವಾದದ್ದು ಹೀಗೆಯೇ. ಹೇಳಿದ ಸುದ್ದಿಯನ್ನೇ ಮತ್ತೆ ಹೇಳುವುದು, ಲೋಟಕ್ಕೆ 'ಅದು' ಎನ್ನುವುದು. ಕೊನೆಗೆ ಮಾತೇ ನಿಂತುಹೋಗಿ, ದೊಡ್ಡಮ್ಮ ಹೋಗಿಬಿಟ್ಟಿದ್ದರು.

"ಅವಳಿಗೂ ಹಾಡಿ ಹಾಡಿ ಬೇಜಾರಾಗಿರುತ್ತೆ ಬಿಡು" ಎಂದ, ರಾತ್ರಿ ಊಟಕ್ಕೆ ಕೂತು ವಿಷಯ ಕೇಳಿದ ಗಂಡ. ಮೈಕಕ್ಕ ತಟ್ಟೆ ಬದಿಗೆ ಸರಿಸಿ ಎದ್ದಳು.

ಮಾರನೆಯ ಸಂಜೆ ಬಿಲಿಯರ್ಡ್ಸ್ ಆಡುವ ಕಟ್ಟಡದ ಹಿಂಬದಿಯ ಕೋಣೆ. ಮೈಕಕ್ಕ ಎಲ್ಲರಿಗಿಂತ ಮುಂದೆ, ವೇದಿಕೆಗೆ ಅಂಟಿಕೊಂಡಂತೆ ನಿಂತಿದ್ದಳು. ಹಾಡೊಂದರ ನಡುವೆ ಗೊಗ್ಗರಮ್ಮ ನಿಂತಳು. ಕೈ ಅದೇ ತಂತಿಗಳನ್ನು ಮೀಟುತ್ತಲೇ ಇತ್ತು, ಕಣ್ಣು ಮಾತ್ರ ಕತ್ತಲೆಯಲ್ಲಿ ಸ್ವಿಚ್ಚು ತಡಕುವವರ ಹಾಗೆ ಎಲ್ಲೆಲ್ಲೋ ಓಡಾಡಿತು. ಮೈಕಕ್ಕನ ತುಟಿ, ಅಭ್ಯಾಸಬಲದಿಂದ, ಮುಂದಿನ ಸಾಲನ್ನು ಸದ್ದಿಲ್ಲದೆ ಹೇಳುತ್ತಿತ್ತು. ಗೊಗ್ಗರಮ್ಮನ ಕಣ್ಣು ಆ ತುಟಿಯ ಮೇಲೆ ಬಿದ್ದು ಅಲ್ಲೇ ನಿಂತಿತು. ಪದ ಸಿಕ್ಕಿತು. ಹಾಡು ಮುಂದೆ ಹೋಯಿತು.

ಮೈಕಕ್ಕನಿಗೆ ಮೈ ಜುಮ್ಮೆಂದಿತು. ಆದರೆ ಆ ಖುಷಿ ಒಂದು ಗಳಿಗೆಯೂ ಬಾಳಲಿಲ್ಲ. ಅಲ್ಲಿಂದಾಚೆಗೆ ತಡವರಿಸಿದಾಗಲೆಲ್ಲ ಆ ಕಣ್ಣು ನೇರ ಅವಳ ಬಾಯಿಗೇ ಬರತೊಡಗಿತು. ನೀರು ಕುಡಿಯಲೂ ತಲೆ ಬಗ್ಗಿಸುವ ಹಾಗಿಲ್ಲ. ಪಕ್ಕದವರು ಮೈಗೆ ತಾಗಿದರೂ ಸಿಡುಕು. ಬುಧವಾರ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ಮೆಟ್ಟಿಲ ಮೇಲೆ ಕೂತಳು. ಇಷ್ಟು ವರ್ಷ ತಾನಾಗಿ ಬರುತ್ತಿದ್ದ ಸಾಲುಗಳನ್ನು ಈಗ ಪರೀಕ್ಷೆಗೆ ಹೊರಟ ಮಗುವಿನಂತೆ ಗಟ್ಟಿಹಾಕಿದಳು. ತನಗೇ ಮರೆತುಹೋದರೆ? ಹಾಡು ಕಿವಿಗೆ ಬೀಳುತ್ತಲೇ ಇರಲಿಲ್ಲ. ಮುಗಿದಾಗ ಹೊರಗೆ ಯಾರೋ "ಏನು ಚೆನ್ನಾಗಿ ಹಾಡಿದ್ಲು ಇವತ್ತು!" ಎಂದರು. ಹೌದೇ ಎನಿಸಿತು ಅವಳಿಗೆ.

ಗುರುವಾರ ಗಾಜಿನ ಗೂಡಿನಲ್ಲಿ ಎಡವಟ್ಟಾಯಿತು. ಬಾಯಲ್ಲಿ ಹಾಡು ಮಣಮಣ ಎನ್ನುತ್ತಿದ್ದಂತೆ ಬಸ್ಸೊಂದರ ಪ್ಲಾಟ್‌ಫಾರ್ಮನ್ನು ತಪ್ಪಾಗಿ ಹೇಳಿದಳು. ಜನ ಗಂಟುಮೂಟೆ ಎತ್ತಿಕೊಂಡು ಆ ತುದಿಗೆ ಓಡಿದರು. ಅಸಲಿ ಬಸ್ಸು ಈ ತುದಿಯಿಂದ ಅರ್ಧ ಖಾಲಿ ಹೊರಟುಹೋಯಿತು. ಗಾಜಿನಾಚೆ ಒಬ್ಬ ಮುದುಕ ಮೂಟೆಯ ಮೇಲೆ ಕುಸಿದು ಕೂತು ಧ್ವನಿವರ್ಧಕದತ್ತ ನೋಡುತ್ತಿದ್ದ.

"ಮೇಡಂ, ನಿಮ್ಮಿಂದ ಇದೇ ಮೊದಲು" ಎಂದ ಮೇಲ್ವಿಚಾರಕ. ಬೈದಿದ್ದರೇ ಎಷ್ಟೋ ಚೆನ್ನಾಗಿತ್ತು. "ಮನೇಲಿ ಏನಾದ್ರೂ ತೊಂದರೇನಾ?"

"ಇಲ್ಲ ಸರ್. ನಿದ್ದೆ ಸಾಲಲಿಲ್ಲ."

ಬಸ್ಸು ತಪ್ಪಿದವರನ್ನೆಲ್ಲ ಸಂಜೆಯ ಬಸ್ಸಿಗೆ ಹತ್ತಿಸಿ ಬರುವಷ್ಟರಲ್ಲಿ ತಡವಾಯಿತು. ಕ್ಲಬ್ಬು ಆಗಲೇ ತುಂಬಿತ್ತು. ಮುಂದೆ ಒಬ್ಬ ಆಳೆತ್ತರದವನು ಗೋಡೆಯಂತೆ ನಿಂತಿದ್ದ. ವೇದಿಕೆಯ ಮೇಲೆ ಗೊಗ್ಗರಮ್ಮ ಮುಂದಿನ ಸಾಲಿನ ಮುಖಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ, ಬೇಕಾದ್ದು ಸಿಗದೆ, ಹಾಡನ್ನು ಅಲ್ಲೇ ಕೈಬಿಟ್ಟಳು. ಕೂಡಲೇ ಅವಳ ತಮ್ಮ ಡ್ರಮ್ ಮೇಲೆ ಮುಗಿಬಿದ್ದು ಕೈ ಬೀಳುವಂತೆ ಬಾರಿಸತೊಡಗಿದ. ಜನ ಅದೂ ಕಾರ್ಯಕ್ರಮದ ಭಾಗವೆಂದು ಶಿಳ್ಳೆ ಹೊಡೆದರು.

"ಸ್ವಲ್ಪ ಸರೀರಿ... ದಯವಿಟ್ಟು ಸರೀರಿ!" ಮೈಕಕ್ಕ ಆ ಎತ್ತರದವನ ಕಂಕುಳ ಕೆಳಗೆ ತೂರಿ ಮುಂದೆ ಬಂದಳು. ಗೊಗ್ಗರಮ್ಮ ಅವಳನ್ನು ಕಂಡು ಕಣ್ಣು ಮುಚ್ಚಿ ತೆರೆದಳು. ಹಾಡು ಮತ್ತೆ ಎದ್ದಿತು.

ಮುಗಿದ ಮೇಲೆ ಗೊಗ್ಗರಮ್ಮನ ತಮ್ಮ ಬೆವರು ಒರೆಸಿಕೊಳ್ಳುತ್ತಾ ಮೈಕಕ್ಕನ ಬಳಿಗೇ ಬಂದ. "ನೀವೇ ಅಲ್ವಾ? ನಾಳೆ, ನಾಡಿದ್ದು ಬರ್ತೀರಿ ತಾನೇ? ಸ್ವಲ್ಪ ಬೇಗ ಬನ್ನಿ."

"ಅವರಿಗೆ ಏನಾಗಿದೆ?"

ಅವನು ಆಚೀಚೆ ನೋಡಿದ. "ಪದಗಳು ಹೋಗ್ತಿವೆ. ಡಾಕ್ಟರು ನೋಡ್ತಿದ್ದಾರೆ. ಯಾರ ಹತ್ರಾನೂ ಹೇಳ್ಬಾರದು ಅಂತ ಆಣೆ ಹಾಕಿಸಿಕೊಂಡಿದ್ದಾಳೆ."

ಅಷ್ಟು ದಿನ ಒತ್ತಿಹಿಡಿದದ್ದು ಮೈಕಕ್ಕನ ಬಾಯಿಂದ ಹೊರಬಂತು. "ನಮ್ಮ ದೊಡ್ಡಮ್ಮಾನೂ ಮುಚ್ಚಿಟ್ರು. ನಾವೂ ಗೊತ್ತಿಲ್ಲದವರ ಹಾಗೇ ಇದ್ವಿ. ತಪ್ಪಿಬಿಡ್ತೀನಿ ಅನ್ನೋ ಹೆದರಿಕೆಗೆ ಅವರು ಇದ್ದ ಮಾತನ್ನೂ ಆಡೋದು ಬಿಟ್ಟರು. ಎದುರಿಗೆ ಒಂದು ಸ್ಟ್ಯಾಂಡ್ ಇಟ್ಟು, ಹಾಡು ಬರೆದಿಡಿ. ನೋಡ್ಕೊಂಡು ಹಾಡಲಿ. ನನ್ನ ಬಾಯಿ ನಂಬ್ಕೊಂಡು ಎಷ್ಟು ದಿನ?"

ಅವನ ಮುಖ ಕೆಂಪಾಯಿತು. "ನೋಡ್ಕೊಂಡು ಹಾಡೋಕೆ ನಮ್ಮಕ್ಕ ಏನು ಶಾಲೆ ಹುಡುಗೀನಾ? ಬರೋಕಾಗಲ್ಲ ಅಂದ್ರೆ ಬರಲ್ಲ ಅನ್ನಿ, ಸಾಕು." ಬೆನ್ನು ತಿರುಗಿಸಿ ಹೋದ.

ಶುಕ್ರವಾರ ಒಬ್ಬಳೇ ಹೋಗಲು ಧೈರ್ಯ ಸಾಲದೆ ಗಂಡನನ್ನು ಎಳೆದುಕೊಂಡು ಹೋದಳು. ಗೊಗ್ಗರಮ್ಮ ಒಮ್ಮೆಯೂ ಅವಳತ್ತ ನೋಡಲಿಲ್ಲ. ಎರಡು ಹಾಡನ್ನು ಅರ್ಧಕ್ಕೆ ಮುರಿದು, ಉಳಿದಷ್ಟೂ ಹೊತ್ತು ಬರೀ ಗಿಟಾರು ನುಡಿಸಿ ಒಳಗೆ ಹೋಗಿಬಿಟ್ಟಳು. ಜನ ಗೊಣಗುತ್ತಾ ಚದುರಿದರು.

"ನನ್ನ ಬಾಯಿಗೆ ಬೆಂಕಿ ಬೀಳ" ಎಂದಳು ಮೈಕಕ್ಕ ಸ್ಕೂಟರಿನ ಹಿಂದೆ ಕೂತು. "ಅವರು ಇನ್ನು ಹಾಡೋದೇ ಬಿಟ್ಟುಬಿಟ್ರೆ?"

"ಫ್ರಿಜ್ ಕೆಟ್ಟಿದೆ ಅಂತ ನಾನು ಹೇಳಿದಾಗಲೂ ಜನ ನನ್ನ ಮೇಲೇ ರೇಗ್ತಾರೆ ಕಣೇ" ಎಂದ ಗಂಡ. "ಕೆಡಿಸಿದ್ದು ನಾನೇ ಅನ್ನೋ ಹಾಗೆ." ಅವಳಿಗೆ ನಗು ಬರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅವನೇ ಮತ್ತೆ, "ಇವತ್ತು ಆ ಅಮ್ಮನ್ನ ನೋಡಿ ನನಗೂ ಪಾಪ ಅನ್ನಿಸ್ತು" ಎಂದ.

ಶನಿವಾರ ಕೊನೆಯ ಕಾರ್ಯಕ್ರಮ, ಕಾಗದದ ಗೋದಾಮಿನ ಮೇಲಿನ ಮರದ ನೆಲದ ಹಾಲಿನಲ್ಲಿ. ಹೋಗುವುದೋ ಬೇಡವೋ ಎಂದು ಚಪ್ಪಲಿ ಮೆಟ್ಟಿ ಬಿಟ್ಟು, ಮೆಟ್ಟಿ ಬಿಟ್ಟು, ಕೊನೆಗೆ ಹೋದಳು. ಮುಂದೆ ಹೋಗದೆ ಹಿಂದಿನ ಗೋಡೆಗೆ ಒರಗಿ ನಿಂತಳು.

ಗೊಗ್ಗರಮ್ಮನ ತಮ್ಮ ಒಂದು ಸ್ಟ್ಯಾಂಡ್ ತಂದು ಮೈಕಿನ ಪಕ್ಕ ಇಟ್ಟ. ಇಡುವಾಗ ಅವನು ಯಾರ ಮುಖವನ್ನೂ ನೋಡಲಿಲ್ಲ. ಗೊಗ್ಗರಮ್ಮ ಬಂದು ಕನ್ನಡಕ ಹಾಕಿಕೊಂಡು, ಹಾಳೆಗಳನ್ನು ಸರಿಮಾಡಿದಳು.

"ಒಂದು ಮಾತು" ಎಂದಳು. "ಪದಗಳು ನನಗೆ ಕೈಕೊಡ್ತಾ ಇವೆ. ವಯಸ್ಸಿನ ಮರೆವಲ್ಲ, ಕಾಯಿಲೆ. ಅದಕ್ಕೇ ಇವತ್ತು ನೋಡ್ಕೊಂಡು ಹಾಡ್ತೀನಿ. ಬೇಜಾರಾದವರು ಟಿಕೆಟ್ ದುಡ್ಡು ನನ್ನ ತಮ್ಮನ್ನ ಕೇಳಿ. ಕೊಡಲ್ಲ ಅವನು."

ಮೂಲೆಯಲ್ಲಿ ಒಬ್ಬರು ನಕ್ಕರು, ಆಮೇಲೆ ಇಡೀ ಹಾಲೇ ನಕ್ಕಿತು. ಅವಳು ಹಾಡಿದಳು. ಒಮ್ಮೆ ಹಾಳೆ ತಪ್ಪಿತು. ಬೆರಳು ಒದ್ದೆ ಮಾಡಿಕೊಂಡು ಸರಿಯಾದದ್ದನ್ನು ಹುಡುಕುವವರೆಗೆ ಜನ ಕಾದರು. ಮೈಕಕ್ಕನ ಎದೆ ಆಗಲೂ ಡವಗುಟ್ಟಿತು. ಆದರೆ ತುಟಿ ಅಲುಗಿಸದೆ ನಿಂತು, ಆ ವಾರದಲ್ಲಿ ಮೊದಲ ಬಾರಿಗೆ ಒಂದು ಹಾಡನ್ನು ಪೂರಾ ಕೇಳಿದಳು. ಯಾವಾಗ ಅಳು ಬಂತೋ ಗೊತ್ತಾಗಲಿಲ್ಲ.

ಹೊರಗೆ ಬಾಗಿಲ ಬಳಿ ಗೊಗ್ಗರಮ್ಮ ಅವಳ ಕೈ ಹಿಡಿದು ನಿಲ್ಲಿಸಿದಳು. "ಹೀಗೆಲ್ಲ ಹೇಳ್ತಾರಾ ಯಾರಾದ್ರೂ? ನನ್ನ ತಮ್ಮ ರಾತ್ರಿಯೆಲ್ಲಾ ನಿಮ್ಮನ್ನ ಬೈಕೊಂಡೇ ಹಾಡು ಬರೆದ."

"ತಪ್ಪಾಯ್ತಮ್ಮ."

"ತಪ್ಪೇ. ಬುಧವಾರ ಒಂದು ಸಾಲಂತೂ ಪೂರ್ತಿ ತಪ್ಪು ಹೇಳ್ಕೊಟ್ರಿ."

ಮೈಕಕ್ಕ ಗಾಬರಿಯಾದಳು. "ಯಾವ ಸಾಲು?"

ಗೊಗ್ಗರಮ್ಮ ಬಾಯಿ ತೆರೆದಳು, ಸ್ವಲ್ಪ ಹೊತ್ತು ಹುಡುಕಿದಳು. "ಅದು ನನಗೂ ನೆನಪಿಲ್ಲ ನೋಡಿ" ಎಂದು ನಕ್ಕಳು.

"ಬರೋ ವರ್ಷ ಬರ್ತೀರಾ ಅಮ್ಮ?"

"ಬರಬೇಕು ಅಂತಾನೇ ಇದೆ" ಎಂದಳು ಗೊಗ್ಗರಮ್ಮ. ವ್ಯಾನಿನಲ್ಲಿದ್ದ ತಮ್ಮ ಹಾರ್ನ್ ಮಾಡಿದ. ಅವಳು ಹೋಗಿ ಹತ್ತಿದಳು. ಮೈಕಕ್ಕ ಕೈ ಬೀಸಿದಳು. ವ್ಯಾನು ತಿರುವು ದಾಟಿದ ಮೇಲೂ, ಬರುತ್ತಾಳೋ ಇಲ್ಲವೋ ಎಂದು ಲೆಕ್ಕ ಹಾಕುತ್ತಾ ಅಲ್ಲೇ ನಿಂತಿದ್ದಳು.