ಏಳು ಪುಸ್ತಕಗಳ ಒಂದು ಪ್ಯಾರಾ

ರಾಮಮೂರ್ತಿ ನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಬೀಗದ ಕೈ ಒಂದು ಯಾವಾಗಲೂ ಪಕ್ಕದ ಮನೆಯ ಅಡುಗೆಮನೆಯಲ್ಲಿ, ಕ್ಯಾಲೆಂಡರಿನ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು. ಮೂರನೇ ಕ್ಲಾಸಿನಲ್ಲಿದ್ದ ಮಗಳು ಶಾಲೆಯಿಂದ ಬಂದು ಅದನ್ನು ಇಸಿದುಕೊಂಡು, ಬ್ಯಾಗು ಇಟ್ಟು, ಯೂನಿಫಾರಂ ಬದಲಿಸಿ, ಮತ್ತೆ ಬೀಗ ಹಾಕಿ ಪಕ್ಕದ ಮನೆಗೇ ಹೋಗಿ ಕೂರುತ್ತಿದ್ದಳು. ನಾನು ಇಂದಿರಾನಗರದ ಆಫೀಸಿನಿಂದ ಬರುವಷ್ಟರಲ್ಲಿ ಅವಳ ಹೋಂವರ್ಕು, ಊಟ ಎರಡೂ ಅಲ್ಲೇ ಮುಗಿದಿರುತ್ತಿದ್ದವು. ಪಕ್ಕದ ಮನೆಯ ಅಮ್ಮ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ನನಗೇ ಅವರ ಹೊಸ್ತಿಲ ಬಳಿ ಚಪ್ಪಲಿ ಬಿಡುವಾಗ ಕಾಲು ಭಾರವಾಗುತ್ತಿತ್ತು.

ಆಫೀಸೆಂದರೆ ನೂರಡಿ ರಸ್ತೆಯ ಹಿಂದಿನ ಅಡ್ಡರಸ್ತೆಯಲ್ಲಿದ್ದ ಒಂದು ಹಳೆಯ ಬಂಗಲೆ. ನನ್ನ ಟೇಬಲ್ಲು ಇದ್ದದ್ದು ಮೊದಲು ಉಗ್ರಾಣವಾಗಿದ್ದ ಕೋಣೆಯಲ್ಲಿ. ಕಿಟಕಿ ಇರಲಿಲ್ಲ, ಗೋಡೆಯಲ್ಲಿ ಮಸಾಲೆ ಡಬ್ಬಿಗಳ ಕಲ್ಲಿನ ಹಲಗೆ ಹಾಗೇ ಉಳಿದಿತ್ತು. ಅದರ ಮೇಲೆ ನಮ್ಮ ಪುಸ್ತಕಗಳು. ನಮ್ಮ ಕಂಪನಿ ಮಾಡುತ್ತಿದ್ದದ್ದು ಬಿಲ್ಡ್ ಟೂಲ್. ಎಷ್ಟೋ ಫೈಲುಗಳಲ್ಲಿ ಬರೆದ ಪ್ರೋಗ್ರಾಮನ್ನು ಸರಿಯಾದ ಕ್ರಮದಲ್ಲಿ ಒಟ್ಟುಗೂಡಿಸಿ ಓಡುವಂತೆ ಮಾಡಿಕೊಡುವ ಸಾಧನ. ಬೇಳೆ ಬೇಯುವ ಮೊದಲೇ ಹುಣಸೆಹುಳಿ ಹಾಕಬಾರದು ಎಂದು ನೆನಪಿಟ್ಟುಕೊಳ್ಳುವ ಯಂತ್ರ ಅದು ಎಂದು ಮನೆಯಲ್ಲಿ ಹೇಳಿದ್ದೆ. ಅದನ್ನು ಬಳಸುವುದು ಹೇಗೆಂದು ಇಂಗ್ಲಿಷಿನಲ್ಲಿ ಬರೆಯುವುದು ನನ್ನ ಕೆಲಸ.

ಪುಸ್ತಕಗಳು ಏಳು. ವಿಂಡೋಸ್ ಕಂಪ್ಯೂಟರಿಗೆ ಬೇರೆ, ಯೂನಿಕ್ಸ್ ಕಂಪ್ಯೂಟರಿಗೆ ಬೇರೆ, ಹೊಸಬರಿಗೆ ಬೇರೆ, ಹೀಗೆ. ಆದರೆ ಒಳಗಿದ್ದದ್ದರಲ್ಲಿ ಮುಕ್ಕಾಲು ಪಾಲು ಒಂದೇ. ನನಗಿಂತ ಮುಂಚೆ ಇದ್ದವರು ಒಂದರಲ್ಲಿ ಬರೆದದ್ದನ್ನು ಎತ್ತಿ ಉಳಿದವಕ್ಕೆ ಅಂಟಿಸಿದ್ದರು. ಎಂಜಿನಿಯರುಗಳು ಟೂಲಿನ ಒಂದು ಆಪ್ಷನ್ನಿನ ಹೆಸರು ಬದಲಿಸಿದರೆ ನಾನು ಏಳು ಪುಸ್ತಕಗಳಲ್ಲೂ ಅದನ್ನು ಹುಡುಕಿ ತಿದ್ದಬೇಕು. ಯಾವ ಪುಸ್ತಕದ ಯಾವ ಮೂಲೆಯಲ್ಲಿ ಯಾವ ಪ್ಯಾರಾ ಅಡಗಿದೆ ಎಂಬುದು ನನ್ನ ತಲೆಯಲ್ಲಿ ಮಾತ್ರ ಇತ್ತು. ಹಾಗಾಗಿ ನನಗೆ ರಜೆ ಸಿಗುತ್ತಿರಲಿಲ್ಲ. ನಾದಿನಿಯ ಮದುವೆಯ ಆರತಕ್ಷತೆಗೂ ಆಫೀಸಿನಿಂದ ನೇರವಾಗಿ ಹೋಗಿ, ಛತ್ರದ ಬಾತ್‌ರೂಮಿನಲ್ಲಿ ರೇಷ್ಮೆ ಸೀರೆ ಉಟ್ಟುಕೊಂಡಿದ್ದೆ.

ಆ ವರ್ಷ ಕಂಪನಿ ಮಾರತ್ತಹಳ್ಳಿಯಲ್ಲಿ ಇನ್ನೊಂದು ಆಫೀಸು ತೆರೆಯಿತು. ಅಲ್ಲಿ ಬೆಳಗಿನ ಪಾಳಿ. ರಿಂಗ್ ರೋಡಿನಲ್ಲಿ ಕಂಪನಿಯ ವ್ಯಾನು ಹತ್ತಿಸಿಕೊಂಡು ಹೋಗಿ, ಶಾಲೆ ಬಿಡುವ ಹೊತ್ತಿಗೆ ವಾಪಸು ಬಿಡುತ್ತಿತ್ತು. ಬರೆಯುವವರು ಒಬ್ಬರು ಬೇಕಾಗಿತ್ತು. ನಾನು ಮ್ಯಾನೇಜರ ಮುಂದೆ ಹೋಗಿ ನಿಂತೆ. ಅವರು ಕೂಗಾಡುವ ಪೈಕಿಯಲ್ಲ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

“ನೀವು ಹೋದ್ರೆ ಈ ಏಳು ಬುಕ್ ಯಾರು ನೋಡ್ತಾರೆ ಹೇಳಿ. ಬೇರೆಯವ್ರ ಕೈಗೆ ಕೊಡೋ ಸ್ಥಿತೀಲಿ ಇದ್ಯಾ ಅದು?”

“ಇಲ್ಲ ಸರ್.”

“ಕೊಡೋ ಹಾಗೆ ಮಾಡಿ. ದಸರಾ ಹೊತ್ಗೆ ಆದ್ರೆ ಬಿಟ್ಕೊಡ್ತೀನಿ.”

ಅವತ್ತು ಪಕ್ಕದ ಮನೆಯ ಅಮ್ಮನಿಗೆ ಹೇಳಿದೆ, ದಸರಾ ಆದ ಮೇಲೆ ಕೀ ವಾಪಸು ತಗೋತೀನಿ ಅಂತ. “ಅವಸರ ಏನಿದೆ ಬಿಡಿ, ಮೊಳೆಗೇನು ಭಾರಾನಾ?” ಎಂದರು. ಮಗಳಿಗೂ ಹೇಳಿದೆ. ಅವಳು ತಲೆ ಎತ್ತದೆ, “ನೀನು ದಿನಾ ಹೇಳೋದೂ ಅದೇ ಅಲ್ವಾ, ನಾಳೆಯಿಂದ ಬೇಗ ಬರ್ತೀನಿ ಅಂತ,” ಎಂದಳು.

ನನ್ನ ಉಪಾಯ ಸರಳ. ಒಂದು ಪ್ಯಾರಾವನ್ನು ಒಂದೇ ಕಡೆ, ಬೇರೆ ಫೈಲಿನಲ್ಲಿ ಬರೆದಿಡುವುದು. ಪುಸ್ತಕದಲ್ಲಿ ಆ ಜಾಗಕ್ಕೆ ಅದರ ಹೆಸರು ಮಾತ್ರ. ಅಚ್ಚಿಗೆ ಕಳಿಸುವಾಗ ಪುಸ್ತಕ ತಾನೇ ಅದನ್ನು ಎಳೆದುಕೊಳ್ಳಬೇಕು. ಒಂದು ಕಡೆ ತಿದ್ದಿದರೆ ಏಳೂ ತಿದ್ದಿದಂತೆ. ಭಾನುವಾರ ನಡುಮನೆಯ ನೆಲದ ಮೇಲೆ ಹಾಳೆಗಳನ್ನು ಹರವಿ ಕೂತೆ. ನನ್ನವರು ಫ್ಯಾಕ್ಟರಿಯ ಪಾಳಿ ಮುಗಿಸಿ ಬಂದವರು ಹಾಳೆಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ, “ಹಪ್ಪಳ ಒಣಹಾಕ್ದಂಗಿದೆ,” ಎಂದು ಸುತ್ತಿ ಅಡುಗೆಮನೆಗೆ ಹೋಗಿ ತಾವೇ ಕಾಫಿ ಮಾಡಿಕೊಂಡರು.

ಕಷ್ಟ ಎಲ್ಲಿತ್ತೆಂದರೆ, ಒಂದೊಂದು ಪ್ಯಾರಾದ ಏಳು ಪ್ರತಿಗಳು ಪೂರ್ತಿ ಒಂದೇ ಆಗಿರಲಿಲ್ಲ. ಒಂದರಲ್ಲಿ ಒಂದು ಸಾಲು ಹೆಚ್ಚು, ಇನ್ನೊಂದರಲ್ಲಿ ಒಂದು ಮಾತು ಬೇರೆ. ಯಾರು ಬದಲಿಸಿದರು, ಯಾಕೆ ಬದಲಿಸಿದರು ಎಂದು ಕೇಳೋಣವೆಂದರೆ ಅವರೆಲ್ಲ ಕೆಲಸ ಬಿಟ್ಟು ಹೋಗಿದ್ದರು. ಎಲ್ಲಕ್ಕಿಂತ ಚೊಕ್ಕವಾಗಿ ಕಂಡದ್ದನ್ನು ಇಟ್ಟುಕೊಂಡು ಉಳಿದವನ್ನು ತೆಗೆಯುತ್ತ ಹೋದೆ. ಪುಟಗಳು ಕರಗುತ್ತಿದ್ದವು. ಕೊತ್ತಂಬರಿ ಸೊಪ್ಪು ಸೋಸಿ ಮುಗಿಸಿದಂತೆ ಒಂದು ಹಗುರ.

ಬರೆದದ್ದನ್ನು ಪರೀಕ್ಷಿಸುತ್ತಿದ್ದವರು ಹಲಸೂರಿನ ಒಬ್ಬ ಟೆಸ್ಟರು. ಮನೆಮಾತು ತಮಿಳು, ನಮ್ಮೊಡನೆ ಕನ್ನಡ. ಪುಸ್ತಕದಲ್ಲಿ ಏನಿದೆಯೋ ಅದನ್ನೇ ಮಾಡುವುದು, ಸ್ವಂತ ಬುದ್ಧಿ ಉಪಯೋಗಿಸದಿರುವುದು ಅವರ ಪದ್ಧತಿ. “ಗಿರಾಕಿ ಬುದ್ಧಿವಂತ ಅಂದ್ಕೊಂಡ್ರೆ ನಾನು ಯಾಕೆ ಬೇಕು ಮೇಡಂ?” ಎನ್ನುತ್ತಿದ್ದರು. ದಸರಾ ಹತ್ತಿರವಿದ್ದಾಗ ಒಂದು ಮಧ್ಯಾಹ್ನ ನನ್ನ ಕೋಣೆಯ ಬಾಗಿಲಿಗೆ ಬಂದು ಒರಗಿ ನಿಂತರು.

“ಮೇಡಂ, ಊಟ ಆಯ್ತಾ?”

“ಆಯ್ತು, ಯಾಕೆ?”

“ಹಾಗಾದ್ರೆ ಹೇಳ್ಬೋದು. ನಿಮ್ ಯೂನಿಕ್ಸ್ ಬುಕ್ಕು ನಾನು ಬರ್ದಿದ್ದೆಲ್ಲಾ ಅಳಿಸ್ಬಿಡ್ತು.”

ಒಟ್ಟುಗೂಡಿಸುವ ಕೆಲಸ, ಅಂದರೆ ಬಿಲ್ಡ್, ಮಧ್ಯದಲ್ಲಿ ನಿಂತರೆ ಏನು ಮಾಡಬೇಕೆಂಬ ಪ್ಯಾರಾ ಅದು. ಸಾರ ಇಷ್ಟೆ: ಮೇಲೆ ಹೇಳಿದ ಫೋಲ್ಡರನ್ನು ಅಳಿಸಿ, ಮತ್ತೆ ಶುರು ಮಾಡಿ. ನಾನು ಅದನ್ನು ವಿಂಡೋಸ್ ಪುಸ್ತಕದಿಂದ ಆರಿಸಿದ್ದೆ. ಅಲ್ಲಿ ಅದಕ್ಕಿಂತ ಮೇಲೆ ಇದ್ದದ್ದು, ಟೂಲು ತಾನು ತಯಾರಿಸಿದ್ದನ್ನು ಇಡುವ ಫೋಲ್ಡರು; ಅಳಿಸಿದರೆ ನಷ್ಟವಿಲ್ಲ, ಮತ್ತೆ ತಯಾರಾಗುತ್ತದೆ. ಯೂನಿಕ್ಸ್ ಪುಸ್ತಕದಲ್ಲಿ ಅದೇ ಜಾಗಕ್ಕೆ ಮೇಲೆ ಇದ್ದದ್ದು, ಮನುಷ್ಯರು ಬರೆದ ಮೂಲ ಪ್ರೋಗ್ರಾಮಿನ ಫೋಲ್ಡರು. ಹಲಗೆಯಿಂದ ಹಳೆಯ ಯೂನಿಕ್ಸ್ ಪುಸ್ತಕ ತೆಗೆದು ನೋಡಿದೆ. ಅದರಲ್ಲಿ “ಮೇಲೆ” ಎಂದಿರಲಿಲ್ಲ. ಫೋಲ್ಡರಿನ ಹೆಸರನ್ನೇ ಬಿಡಿಸಿ ಬರೆದಿದ್ದರು. ನಾನು ಬೇಡದ ವ್ಯತ್ಯಾಸವೆಂದು ತೆಗೆದದ್ದು ಅದನ್ನೇ.

“ನಿಮ್ದು ಕಾಪಿ ಇದೆ ತಾನೆ?” ಎಂದೆ.

“ನಿಮ್ ಬುಕ್ ಓದೋಕ್ ಮುಂಚೆ ಯಾವಾಗ್ಲೂ ಒಂದು ಕಾಪಿ ಇಟ್ಕೊಂಡೇ ಕೂರ್ತೀನಿ. ಅನುಭವ ಮೇಡಂ.”

ನಗಲಾಗಲಿಲ್ಲ ನನಗೆ. ಏಳೂ ಪುಸ್ತಕಗಳು ಹಂಚಿಕೊಂಡ ಪ್ಯಾರಾಗಳನ್ನೆಲ್ಲ ಮತ್ತೆ ಮೊದಲಿಂದ ಓದಿದೆ. ಮೇಲೆ, ಕೆಳಗೆ, ಹಿಂದಿನ ಅಧ್ಯಾಯದಲ್ಲಿ, ಈಗಾಗಲೇ ನೋಡಿದಂತೆ — ಇಂಥ ಮಾತು ಎಲ್ಲಿದ್ದರೂ ಕಿತ್ತು, ಹೆಸರು ಹಿಡಿದು ಬರೆದೆ. ಯಾವ ಪುಸ್ತಕಕ್ಕೆ ಹೋಗಿ ಕೂತರೂ ಆ ಪ್ಯಾರಾ ಅಕ್ಕಪಕ್ಕದವರನ್ನು ನೆಚ್ಚಿಕೊಂಡಿರಬಾರದು. ಆ ದಿನಗಳಲ್ಲಿ ಬಸ್ಸು ಟಿನ್ ಫ್ಯಾಕ್ಟರಿ ಸ್ಟಾಪಿನ ಹತ್ತಿರ ಎಂದಿನಂತೆ ಸಿಕ್ಕಿಹಾಕಿಕೊಂಡಾಗ, ಕಿಟಕಿಯಾಚೆ ಹಾಗೇ ನಿಂತ ಇನ್ನೊಂದು ಬಸ್ಸಿನ ಜನರ ಮುಖ ನೋಡುತ್ತ, ತಲೆಯಲ್ಲೇ ಒಂದೊಂದು ಸಾಲು ತಿದ್ದುತ್ತಿದ್ದೆ. ಅವರೂ ನನ್ನನ್ನೇ ನೋಡುತ್ತಿದ್ದರು. ಮಾಡಲು ಬೇರೇನೂ ಇರಲಿಲ್ಲ.

ಆಯುಧಪೂಜೆಗೆ ಮುಂಚೆ ಮುಗಿಯಿತು. ಟೆಸ್ಟರು ಏಳೂ ಪುಸ್ತಕ ಹಿಡಿದು ಕೂತು ಏನೂ ಕಳೆದುಕೊಳ್ಳದೆ ಎದ್ದರು. ಕಂಪ್ಯೂಟರುಗಳಿಗೆ ಕುಂಕುಮ ಇಟ್ಟು, ಕಡ್ಲೆಪುರಿ ಹಂಚಿದ ಮಧ್ಯಾಹ್ನ ಮ್ಯಾನೇಜರು ಕರೆದರು. ಬದಲಿಸಬೇಕಾದ ಒಂದು ಹೆಸರನ್ನು ಅವರೇ ಕೂತು ಬದಲಿಸಿ ನೋಡಿದ್ದರಂತೆ. ಕಾಫಿ ಆರುವ ಮೊದಲೇ ಏಳೂ ಪುಸ್ತಕ ಸರಿಯಾಗಿದ್ದವಂತೆ.

“ತುಂಬಾ ಚೆನ್ನಾಗ್ ಮಾಡಿದೀರಿ. ನಿಜವಾಗ್ಲೂ.”

“ಮಾರತ್ತಹಳ್ಳಿಗೆ ಯಾವತ್ತಿಂದ ಹೋಗ್ಲಿ ಸರ್?”

ಅವರು ಕನ್ನಡಕ ತೆಗೆದರು. ಅದು ಕಂಡ ಕೂಡಲೇ ನನಗೆ ಗೊತ್ತಾಯಿತು.

“ನಿಮ್ ಜಾಗಕ್ಕೆ ಒಬ್ರನ್ನ ಕೊಡಿ ಅಂತ ಮೇಲಿನವ್ರಿಗೆ ಬರ್ದಿದ್ದೆ. ಈಗ ಇದಕ್ಕೆ ವಾರಕ್ಕೆ ಒಂದಿನದ ಕೆಲ್ಸಾನೂ ಇಲ್ವಲ್ಲ, ಹೊಸಬ್ರು ಯಾಕೆ ಅಂತಾರೆ. ಬದಲಿ ಇಲ್ದೆ ನಿಮ್ಮನ್ನ ಹೇಗ್ ಬಿಡ್ಲಿ?”

“ಬೇರೆಯವ್ರ ಕೈಗೆ ಕೊಡೋ ಹಾಗೆ ಮಾಡಿ ಅಂದಿದ್ರಿ.”

“ಮಾಡಿದೀರಿ. ತಗೊಳ್ಳೋ ಕೈನೇ ಇಲ್ಲ.” ಕನ್ನಡಕ ಒರೆಸಿ ಹಾಕಿಕೊಂಡರು. “ವಾರದ ಉಳಿದ ದಿನಕ್ಕೆ, ಇನ್ನೊಂದು ಟೀಮಿನ ಬುಕ್ಸ್ ಇದಾವೆ. ಅವೂ ಹೀಗೇ, ಎಲ್ಲಾ ಅಂಟಿಸಿಟ್ಟಿರೋದು. ನಿಮ್ಗೇ ಅಂತ ಕೇಳಿದಾರೆ.”

ಕೋಣೆಗೆ ಮರಳಿದಾಗ ಆ ಪುಸ್ತಕಗಳು ಆಗಲೇ ಕಲ್ಲಿನ ಹಲಗೆಯ ಮೇಲೆ ಬಂದು ಕೂತಿದ್ದವು. ಯಾರೋ ಅವುಗಳಿಗೂ ಕುಂಕುಮ ಇಟ್ಟಿದ್ದರು.

ರಜೆಯ ಮುನ್ನಾದಿನವಾದ್ದರಿಂದ ಬೇಗ ಬಿಟ್ಟರು. ಬೆಳಕಿರುವಾಗಲೇ ಮನೆ ಸೇರಿದೆ. ಪಕ್ಕದ ಮನೆಯಲ್ಲಿ ಮಗಳು ಗೊಂಬೆಗಳ ಮುಂದೆ ಇಡಲು ಪುಟ್ಟ ತಟ್ಟೆಗಳಿಗೆ ಗುಗ್ಗರಿ ಹಾಕುತ್ತಿದ್ದಳು. ನನ್ನನ್ನು ನೋಡಿ ಆ ಮನೆಯ ಅಮ್ಮ ಕೈ ಒರೆಸಿಕೊಂಡು ಎದ್ದರು. ದಸರಾ ಎಂದು ನಾನು ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದರು. ಮೊಳೆಯಿಂದ ಕೀ ತೆಗೆದು, ವೀಳ್ಯದೆಲೆ ಅಡಿಕೆಯ ಜೊತೆ ಒಂದು ತಟ್ಟೆಯಲ್ಲಿಟ್ಟು ನನ್ನ ಮುಂದೆ ಹಿಡಿದರು.

ಎಲೆ ಅಡಿಕೆ ತೆಗೆದುಕೊಂಡೆ. ಕೀ ತಟ್ಟೆಯಲ್ಲೇ ಉಳಿಯಿತು.

ಮಗಳು ಒಮ್ಮೆ ತಟ್ಟೆ ನೋಡಿದಳು, ಒಮ್ಮೆ ನನ್ನನ್ನು. ಆಮೇಲೆ ಎದ್ದು, ಕೀ ತೆಗೆದುಕೊಂಡು, ಸ್ಟೂಲು ಎಳೆದು ಹತ್ತಿ, ತಾನೇ ಅದನ್ನು ಮೊಳೆಗೆ ಹಾಕಿ ಬಂದಳು.