ಮೂರನೆಯ ಮೋಟಾರಿನ ಮರೆ

ಒಸಾನೈ ನಿಲ್ದಾಣದಲ್ಲಿ ಇಪ್ಪತ್ತಾರು ವರ್ಷ ಹಳಿಯ ಕವಲುಗಳನ್ನು ಕೈಯಿಂದಲೇ ತಿರುಗಿಸಿದ್ದ ಕುದೋ ಯಸುಕೆಯವರಿಗೆ ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಅದೇ ಕೆಲಸಕ್ಕೆ ಮೋಟಾರು ಬೇಕಾಯಿತು. ನಿಲ್ದಾಣ ಮುಚ್ಚಿ, ಹಳಿ ಕಿತ್ತು, ಅಲ್ಲೀಗ ಕುರುಚಲು ಬಿದಿರು ಎದೆಯೆತ್ತರ ಬೆಳೆದಿದೆ. ಆ ನಿಲ್ದಾಣವನ್ನೇ ಅವರು ಚಾಪೆಯುದ್ದದ ಹಲಗೆಯ ಮೇಲೆ ಪುಟ್ಟದಾಗಿ ಕಟ್ಟುತ್ತಿದ್ದರು. ಶರತ್ಕಾಲಕ್ಕೆ ಹಳೆಯ ಸಿಬ್ಬಂದಿಯೆಲ್ಲ ಊರಿನ ಸಭಾಭವನದಲ್ಲಿ ಸೇರುವವರಿದ್ದರು. ಅವರ ಮುಂದಿಡುವ ಒಸಾನೈಯಲ್ಲಿ ಇದ್ದದ್ದೆಲ್ಲ ಇರಬೇಕು, ಇಲ್ಲದ್ದು ಒಂದೂ ಇರಬಾರದು ಎಂಬುದು ಯಸುಕೆಯವರ ಹಟ.

ಬೆಂಕಿಪೆಟ್ಟಿಗೆಯಷ್ಟು ಗಾತ್ರದ ಮೋಟಾರುಗಳು ಮೂರು. ಒಂದನ್ನು ಕಲ್ಲಿದ್ದಲ ಕೊಟ್ಟಿಗೆಯೊಳಗೂ ಇನ್ನೊಂದನ್ನು ಲಾಂದ್ರದ ಕೋಣೆಯೊಳಗೂ ಅಡಗಿಸಿದ್ದಾಯಿತು. ಮೂರನೆಯದು ಮಾತ್ರ ಉತ್ತರದ ಕವಲಿನ ಪಕ್ಕ ಬರಿಮೈಯಲ್ಲಿ ಕೂತಿತ್ತು. ಹಲಗೆಯಡಿ ಅಲ್ಲೇ ತೊಲೆ ಹಾದಿದ್ದರಿಂದ ಕೆಳಗಿಳಿಸುವಂತಿರಲಿಲ್ಲ. ಸನ್ನೆಗೋಲು ಹಿಡಿದು ತಾವೇ ನಿಲ್ಲುತ್ತಿದ್ದ ಜಾಗವದು. ಅಲ್ಲಿ ಬೇರೇನೂ ಇರಲಿಲ್ಲವೆಂದು ಅವರಿಗೆ ಖಚಿತವಿತ್ತು.

ಹಿಂದೆ ಟಿಕೆಟು ಕೊಡುತ್ತಿದ್ದ ಕಗಾಯ ಬಂದು ನೋಡಿ, ಒಂದು ಗುಡಿಸಲು ಇಡಿ ಎಂದರು, ಇಲ್ಲವೇ ಹಿಮದ ಗುಡ್ಡೆ. ಬೇಸಿಗೆಯ ನಿಲ್ದಾಣದಲ್ಲಿ ಹಿಮವೆಲ್ಲಿಂದ ಎಂದು ಯಸುಕೆ ಮುಖ ಗಂಟಿಕ್ಕಿದರು.

"ಹಾಗಾದ್ರೆ ನಿಮ್ಮನ್ನೇ ನಿಲ್ಸಿ, ಯಸುಕೆ ಸಾನ್. ಆ ಹೊಟ್ಟೆಗೆ ಇಂಥ ಎರಡು ಮೋಟಾರು ಮರೆಯಾಗ್ತವೆ."

ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ಫುಮಿ ನಗಲಿಲ್ಲ. ಕಗಾಯ ಹೋದ ಮೇಲೆ, ಅಲ್ಲಿ ಹಳಿಯಡಿ ಹಾಸುವ ಹಳೆಯ ಸ್ಲೀಪರ್ ದಿಮ್ಮಿಗಳನ್ನು ಪೇರಿಸಿದ್ದರಲ್ಲ ಎಂದರು. ಇರಲಿಲ್ಲ ಎಂದರು ಯಸುಕೆ.

"ನಿಮ್ಮ ಬೆನ್ನ ಹಿಂದೆ ಇತ್ತು ರೀ. ನೀವು ಹಳೀನೇ ನೋಡ್ತಾ ನಿಂತಿರ್ತಿದ್ರಿ. ನಾನು ಅದರ ಮೇಲೆ ಕೂತು ನಾಲ್ಕೂ ಹತ್ತರ ಗಾಡಿ ಹೋಗೋದನ್ನ ಕಾಯ್ತಿದ್ದೆ. ಒಂದು ಬೇಸಿಗೆ ಪೂರ್ತಿ."

"ಗಾಡಿ ಹೋಗೋದನ್ನ ಯಾಕೆ ಕಾಯ್ಬೇಕು?"

"ಆಮೇಲಾದ್ರೂ ತಿರುಗಿ ನೋಡ್ತೀರೇನೋ ಅಂತ."

ನೋಡಿರಲಿಲ್ಲ. ಗಾಡಿ ದಾಟಿದೊಡನೆ ಬಾವುಟ ಸುತ್ತಿಕೊಂಡು ನೆಟ್ಟಗೆ ನಿಲ್ದಾಣದತ್ತ ನಡೆದುಬಿಡುತ್ತಿದ್ದರು. ಎರಡು ವರ್ಷದ ಮೇಲೆ ಮದುವೆ ಕುದುರಿಸುವ ಹೆಂಗಸು ಫುಮಿಯನ್ನು ಕರೆತಂದಾಗ, ಈ ಹುಡುಗಿಯನ್ನು ಇದೇ ಮೊದಲು ಕಾಣುತ್ತಿದ್ದೇನೆ ಎಂದುಕೊಂಡಿದ್ದರು.

ಯಸುಕೆ ಊಟದ ಕಡ್ಡಿಗಳನ್ನು ಸಣ್ಣಗೆ ಸೀಳಿ ಮಸಿಯಲ್ಲಿ ಅದ್ದಿದರು. ಎಷ್ಟು ಸಾಲು ಎಂದು ಕೇಳಿದರು. ಏಳು ಎಂದರು ಫುಮಿ, ಮೇಲಿನದು ಸೊಟ್ಟ. ಮೋಟಾರು ಆ ರಾಶಿಯೊಳಗೆ ಸಂಪೂರ್ಣ ಮರೆಯಾಯಿತು. ಅದರ ಮೇಲೆ ಅಕ್ಕಿಕಾಳಿಗಿಂತ ತುಸು ದೊಡ್ಡ ಹುಡುಗಿಯೊಬ್ಬಳು ಕುಳಿತಳು. ಮುಂದೆ, ಕವಲಿನ ಬಳಿ, ಹಳಿಯತ್ತ ಮುಖ ಮಾಡಿದ ಪುಟ್ಟ ನೌಕರ.

ಅಂಟು ಆರುವ ಮೊದಲು ಯಸುಕೆ ಎರಡು ಬಾರಿ ಇಕ್ಕಳದಿಂದ ಆ ನೌಕರನ ಭುಜ ಹಿಡಿದರು. ಎರಡು ಬಾರಿಯೂ ತಿರುಗಿಸದೆ ಬಿಟ್ಟರು. ಇದ್ದದ್ದು ಹಾಗೆಯೇ.