ಸಭೆಗೆ ಮುಂಚೆ ಬಂದ ಫೋನ್

ಮೂರು ವರ್ಷದ ಹಿಂದಿನ ಮಾತು. ನನ್ನ ಪಿಎಚ್‌.ಡಿ.ಯ ಕೊನೆಯ ವರ್ಷ. ವಿಜಯಪುರದಿಂದ ನೌಕರಿಗೆ ಬಂದ ಅಪ್ಪ ಮುಂಬೈನ ಮಲಾಡ್‌ನಲ್ಲೇ ನೆಲೆನಿಂತಿದ್ದರು. ನಿನ್ನ ಕೆಲಸವೇನೆಂದು ಅವ್ವ ಕೇಳಿದಾಗಲೆಲ್ಲ ಹೇಳುತ್ತಿದ್ದೆ: "ಸೀಸದ ಎರಡು ಪರಮಾಣುಗಳ ಬೀಜ ಡಿಕ್ಕಿ ಹೊಡೆಸ್ತಾರವ್ವಾ. ಸಾವಿರಾರು ಕಣ ಸಿಡೀತಾವ. ಎಲ್ಲಾ ಕಡೆ ಸಮ ಹೋಗಂಗಿಲ್ಲ, ಕೆಲವು ದಿಕ್ಕಿಗೆ ಕೂಡಿ ಹೆಚ್ಚು ಹರೀತಾವ. ಎಷ್ಟು ಹೆಚ್ಚು ಅಂತ ನಾ ಅಳೀತೀನಿ."

ಆ ವರ್ಷ ನನಗೆ ಸಿಕ್ಕ ಹರಿವು ಬೇರೆಯವರು ಕಂಡದ್ದಕ್ಕಿಂತ ಬಹಳ ಹೆಚ್ಚಿತ್ತು. ಹೊಸದೇನೋ ಕಂಡುಹಿಡಿದೆನೆಂದು ಹಿಗ್ಗಿದೆ. ಗೈಡ್ ಕೂಡ ಒಪ್ಪಿದರು. ಹಲವು ದೇಶಗಳ ವಿಜ್ಞಾನಿಗಳು ಮುಂಬೈಯಲ್ಲೇ ಸೇರುವ ಸಭೆಯಲ್ಲಿ ಅದನ್ನು ಮಂಡಿಸಬೇಕಿತ್ತು. ಎರಡು ದಿನ ಮೊದಲು ಆನ್‌ಲೈನ್ ರಿಹರ್ಸಲ್ ನಡೆಯಿತು. ಯಾರೂ ಏನೂ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಫೋನ್ ಬಂತು. "ನಾನು ವಸುಧಾ. ನಿನ್ನೆ ನಿನ್ನ ಟಾಕ್ ಕೇಳಿದೆ. ಒಮ್ಮೆ ಫೋರ್ಟಿಗೆ ಬರ್ಲಿಕ್ಕೆ ಆಗ್ತದಾ? ಗ್ರಾಫ್‌ಗಳನ್ನೂ ತಾ."

ಅವರು ಇದೇ ಪ್ರಯೋಗದಲ್ಲಿದ್ದ ಬೇರೆ ಸಂಸ್ಥೆಯ ಹಿರಿಯ ವಿಜ್ಞಾನಿ, ಉಡುಪಿ ಕಡೆಯವರು. ಅಲ್ಲಿಯವರೆಗೆ ನಾನು ಅವರನ್ನು ಕಂಡವಳೇ ಅಲ್ಲ. ಉಡುಪಿ ಹೋಟೆಲೊಂದರಲ್ಲಿ ಇಡ್ಲಿ ತಟ್ಟೆ ಬದಿಗೆ ಸರಿಸಿ, ನನ್ನ ಗ್ರಾಫಿನ ಒಂದು ಮೂಲೆಗೆ ಬೆರಳಿಟ್ಟರು.

"ಕಣ ಗುರುತಿಸುವ ಡಿಟೆಕ್ಟರಿನ ಈ ಭಾಗ ಈ ಅಳತೆ ತೆಗೆದಾಗ ಕೆಟ್ಟಿತ್ತು, ಗೊತ್ತುಂಟಾ?"

"ಇಲ್ರೀ ಮೇಡಂ."

"ಈ ಕಡೆಗೆ ಕಣ ಬರ್ಲಿಲ್ಲ ಅಂತ ಅಲ್ಲ ಮಾರಾಯ್ತಿ. ಬಂದದ್ದು ಕಾಣ್ಲಿಲ್ಲ, ಅಷ್ಟೆ. ಈ ಕಡೆ ಕಡಿಮೆ ಕಂಡದ್ದಕ್ಕೆ ಆ ಕಡೆ ಹೆಚ್ಚು ಹರಿದ ಹಾಗೆ ನಿನಗೆ ತೋರಿದೆ."

ನನ್ನ ಕಣ್ಣು ತುಂಬಿದ್ದು ಕಂಡು ಅವರು ದನಿ ತಗ್ಗಿಸಿದರು. "ನಾನೂ ಇದೇ ತಪ್ಪು ಮಾಡಿದ್ದೆ. ತುಂಬಿದ ಸಭೆಯಲ್ಲಿ ಒಬ್ಬರು ಎದ್ದು ಹೇಳಿದ್ರು. ಮತ್ತೆ ಎರಡು ವರ್ಷ ನಾನು ವೇದಿಕೆ ಹತ್ತಲಿಲ್ಲ. ನಿನಗೆ ಹಾಗೆ ಆಗೋದು ಬೇಡ."

ಎರಡು ತಾಸು ಕೂತು ತಿದ್ದುವ ಬಗೆ ಹೇಳಿಕೊಟ್ಟರು. ಅಲ್ಲಿಂದ ನೇರ ಲ್ಯಾಬಿಗೆ ಓಡಿದೆ. ಸಂಜೆಗೆ ಹೊಸ ಫಲಿತಾಂಶ ಬಂತು. ಹರಿವು ಇತ್ತು, ಆದರೆ ಎಲ್ಲರಿಗೂ ಸಿಕ್ಕಷ್ಟೇ. ಗೈಡ್‌ಗೆ ಎಲ್ಲ ಹೇಳಿದೆ. "ಒಳ್ಳೇದಾಯ್ತು, ಈಗಲೇ ಗೊತ್ತಾಯ್ತಲ್ಲ" ಎಂದರು.

ಸಭೆಯಲ್ಲಿ ಮೊದಲು ನನ್ನ ತಪ್ಪನ್ನೇ ಹೇಳಿದೆ. ತಮ್ಮ ಹೆಸರು ಎತ್ತಬಾರದೆಂದು ಮೇಡಂ ತಾಕೀತು ಮಾಡಿದ್ದರಿಂದ, ಹಿರಿಯರೊಬ್ಬರು ತೋರಿಸಿಕೊಟ್ಟರು ಎಂದಷ್ಟೇ ಹೇಳಿದೆ. ಅವರು ಅಲ್ಲೇ ಕೂತಿದ್ದರು. ಹೊಸ ಅಳತೆಯ ಬಗ್ಗೆ ಏನೂ ಅರಿಯದವರಂತೆ ಒಂದು ಸುಲಭದ ಪ್ರಶ್ನೆ ಕೇಳಿ, ನಾನು ಉತ್ತರಿಸಿದಾಗ ತಲೆಯಾಡಿಸಿದರು.

ಈಗ ನಾನೂ ಬೇರೆಯವರ ಕೆಲಸ ಪರಿಶೀಲಿಸುತ್ತೇನೆ. ತಪ್ಪು ಕಣ್ಣಿಗೆ ಬಿದ್ದಾಗ ಎಲ್ಲರೆದುರು ಕೈಯೆತ್ತುವ ಆಸೆ ನನಗೂ ಆಗುತ್ತದೆ, ಸುಳ್ಳೇಕೆ ಹೇಳಲಿ. ಆ ಆಸೆ ತಡೆಯುವುದು ಎಷ್ಟು ಕಷ್ಟವೆಂದು ತಿಳಿದ ಮೇಲೆ ಮೇಡಂ ನನ್ನ ಕಣ್ಣಲ್ಲಿ ಇನ್ನೂ ದೊಡ್ಡವರಾಗಿದ್ದಾರೆ.